ಎಸಳು ದಾಟದ ತೂತು

ಆಗುವುದಿಲ್ಲ ಎಂದವನು ನನ್ನ ಸೋದರಮಾವ. ಬೇರೆ ಯಾರಾದರೂ ಅಂದಿದ್ದರೆ ಮರೆತುಬಿಡುತ್ತಿದ್ದೆನೇನೋ. ನಾನು ಮೆಟ್ರಿಕ್ ಪಾಸಾದ ದಿನ, ಪುಣೆಯ ಕ್ಯಾಂಪಿನಲ್ಲಿದ್ದ ತನ್ನ ಮೋಟಾರು ರಿಪೇರಿ ಶೆಡ್ಡಿನ ಬಾಗಿಲಲ್ಲಿ ನಿಂತು, ನಟ್ಟು ತಿರುಗಿಸುವ ಪಾನಾ ಕೈಯಿಂದ ಕೆಳಗಿಡದೆ ಅಂದ:

“ನಮ್ಮ ಮನ್ಯಾಗ ಬಿ.ಎಸ್ಸಿ. ಅಂದ್ರ ಅದು ಆಗೂ ಮಾತಲ್ಲ ತಗೀ. ನಿಮ್ಮಜ್ಜ ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿ ಬಡದ. ನಾ ಮೋಟಾರ ಬಿಚ್ಚಿದೆ. ನೀ ಬಿಚ್ಚಿದ್ದನ್ನ ಜೋಡಸ್ತಿ. ಅಲ್ಲಿಗೆ ನಮ್ಮ ಮನಿತನದ ಓದು ಮುಗೀತು.”

ಅವ್ವ ಅಂಗೈಯಲ್ಲಿ ಸಕ್ಕರೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ಅಪ್ಪ ತೀರಿಕೊಂಡ ಮೇಲೆ ಧಾರವಾಡದ ಕಡೆಯ ಹಳ್ಳಿಯಿಂದ ನಮ್ಮಿಬ್ಬರನ್ನೂ ಕರೆತಂದು ಕೂಳು ಹಾಕಿದವನು ಮಾವನೇ. ಹಾಗಾಗಿ ಅವನೆದುರು ಅವ್ವನ ದನಿ ಯಾವಾಗಲೂ ಒಂದು ಮೆಟ್ಟಿಲು ಕೆಳಗೆ ನಿಂತು ಮಾತಾಡಿದ ಹಾಗೆ ಬರುತ್ತಿತ್ತು. ಅವತ್ತು ಅಷ್ಟೇ ಅಂದಳು: “ಓದಲಿ ಬಿಡೋ ಅಣ್ಣಾ. ನಿನ್ನ ಕೆಲಸಾನೂ ಮಾಡ್ತಾನ.”

ಮಾವ ಬಹಳ ಹೊತ್ತು ನನ್ನ ಕೈಗಳನ್ನು ನೋಡಿದ. ಮುಖವನ್ನಲ್ಲ, ಕೈಗಳನ್ನು. “ಹೋಗಲಿ. ಆದ್ರ ಕೇಳಿಲ್ಲಿ. ಮುಂಜಾನೆ ಕಾಲೇಜು, ಅಲ್ಲಿಂದ ಬಂದು ಶೆಡ್ಡು. ಯಾವ ದಿನ ನಿನ್ನ ಕೈಯಿಂದ ಒಂದು ಕೆಲಸ ಕೆಡ್ತದೋ, ಆ ದಿನ ಪುಸ್ತಕ ಅಟ್ಟದ ಮ್ಯಾಲೆ. ಮತ್ತ ಅಳೂದು ಕರೆಯೂದು ಮಾಡಬಾರದು.”

ಈ ಕರಾರಿನ ಮೇಲೆ ನಾನು ಮೂರು ವರ್ಷ ಓದಿದೆ. ಮೂರು ವರ್ಷವೂ ನನ್ನ ಕೈಯಿಂದ ಒಂದು ಬೋಲ್ಟು ಸಡಿಲಾಗಿ ಹೋಗಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಆ ಹೆಮ್ಮೆಯ ಅಡಿಯಲ್ಲಿದ್ದದ್ದು ಹೆದರಿಕೆ. ಒಂದೊಂದು ನಟ್ಟನ್ನೂ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಮುಟ್ಟಿ ನೋಡುತ್ತಿದ್ದೆ. ಮನೆಗೆ ಹೋಗುವ ದಾರಿಯಲ್ಲಿ ಅರ್ಧದಿಂದ ತಿರುಗಿ ಬಂದು ಮುಟ್ಟಿದ್ದೂ ಉಂಟು.

ಶೆಡ್ಡು ಉದ್ದಕ್ಕೆ ಸುರಂಗದ ಹಾಗಿತ್ತು. ಒಂದೇ ಬಾಗಿಲು, ಉಳಿದ ಮೂರು ಕಡೆ ಬೇರೆಯವರ ಕಲ್ಲಿನ ಗೋಡೆ. ಮೊದಲು ಒಳಗೆ ಬಂದ ಗಾಡಿ ಕೊನೆಗೆ ಹೊರಗೆ ಹೋಗಬೇಕು. ತಗಡಿನ ಕೆಲಸಕ್ಕೆ ಕೊಟ್ಟಿದ್ದ ಜಾಗ ಎಲ್ಲಕ್ಕಿಂತ ಒಳಗಿನ ಮೂಲೆ. ಅಲ್ಲಿ ಕೈಯಷ್ಟಗಲದ ಒಂದು ಕಿಟಕಿಯಿತ್ತು. ಅದರಾಚೆ ಕಾಣುತ್ತಿದ್ದದ್ದೂ ಇನ್ನೊಂದು ಗೋಡೆಯೇ. ಮಳೆಗಾಲದಲ್ಲಿ ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟರೆ ಹಗಲೋ ಸಂಜೆಯೋ ತಿಳಿಯುತ್ತಿರಲಿಲ್ಲ. ಕಾಲೇಜಿಲ್ಲದ ದಿನ ಅಲ್ಲಿ ಹೊತ್ತು ತಿಳಿಯಲು ನನಗಿದ್ದದ್ದು ಒಂದೇ ಗುರುತು: ಹನ್ನೆರಡರ ಸುಮಾರಿಗೆ ಸ್ಟೇಶನ್ನಿನ ಕಡೆಯಿಂದ ಕೇಳುವ ರೈಲಿನ ಸಿಳ್ಳು. ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಯೋಗ ಶುರುವಾಗುತ್ತಿದ್ದದ್ದೂ ಅದೇ ಹೊತ್ತಿಗೆ.

ನಾನು ಬಿ.ಎಸ್ಸಿ. ಕಡೆಯ ವರ್ಷಕ್ಕೆ ಬಂದಾಗ ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನಮ್ಮ ಶೆಡ್ಡಿಗೆ ಬರುತ್ತಿದ್ದ ಗಾಡಿಗಳಲ್ಲಿ ಒಬ್ಬ ಡಾಕ್ಟರರದೂ ಒಂದಿತ್ತು. ಅವರು ಬೆಳಗಾವಿ ಕಡೆಯವರು. ಸಮಾಧಾನವಾಗಿದ್ದಾಗ ಕನ್ನಡ, ಸಿಟ್ಟು ಬಂದರೆ ಮರಾಠಿ. ಅವರ ಬಾಯಿಂದ ಮೊದಲ ಶಬ್ದ ಯಾವ ಭಾಷೆಯಲ್ಲಿ ಬರುತ್ತದೆ ಎನ್ನುವುದರ ಮೇಲೆ ಮಾವ ಮುಂದಕ್ಕೆ ಹೋಗುವುದೋ ಗಾಡಿಯ ಹಿಂದೆ ಸರಿಯುವುದೋ ಎಂದು ತೀರ್ಮಾನಿಸುತ್ತಿದ್ದ.

ಅವರ ಹೆಂಡತಿಯ ತವರು ಮುಂಬಯಿ. ಅಲ್ಲಿಂದ ಬರುವಾಗ ಖಂಡಾಳೆಯ ಘಾಟು ಹತ್ತುವಷ್ಟರಲ್ಲಿ ಗಾಡಿಯ ನೀರು ಕುದಿದು ಉಗಿ ಬರುತ್ತಿತ್ತು. ಇಂಜಿನಿನ ಮೇಲಿನ ಮುಚ್ಚಳಕ್ಕೆ, ಅಂದರೆ ಬಾನೆಟ್ಟಿಗೆ, ಎರಡು ಪಕ್ಕಗಳಲ್ಲಿ ಮೀನಿನ ಕಿವಿರಿನಂಥ ಸೀಳುಗಳು ಮೊದಲೇ ಇದ್ದವು. ಬಿಸಿಗಾಳಿ ಹೊರಗೆ ಹೋಗಲು ಅವು ಸಾಲುತ್ತಿರಲಿಲ್ಲ. ಕ್ಯಾಂಪಿನ ಒಬ್ಬ ಮಿಲಿಟರಿ ಸಾಹೇಬನ ಓಟದ ಗಾಡಿಯಲ್ಲಿ ಬಾನೆಟ್ಟಿನ ನೆತ್ತಿಯ ಮೇಲೂ ಅಂಥ ಸೀಳುಗಳಿದ್ದದ್ದನ್ನು ಮಾವ ನೋಡಿದ್ದ. ಡಾಕ್ಟರರ ಗಾಡಿಗೂ ಹಾಗೇ ಮಾಡುತ್ತೇನೆಂದ. ಬಾನೆಟ್ಟು ಬಿಚ್ಚಿ, ಮರದ ದಿಮ್ಮಿಯ ಮೇಲೆ ಮಲಗಿಸಿ, ಉಳಿಯಿಂದ ಸೀಳಿ, ಒಂದೊಂದನ್ನೂ ಒಳಗಿನಿಂದ ಬಡಿದು ತುಟಿಯ ಹಾಗೆ ಎಬ್ಬಿಸಿದ. ಒಂದು ಬದಿಗೆ ಎಂಟು, ಇನ್ನೊಂದು ಬದಿಗೆ ಎಂಟು. ಗಾಲಿಗೆ ಪಟ್ಟಿ ಬಡಿದವರ ಮೊಮ್ಮಗ ನಾನು, ಅಂಥ ಕೈಕೆಲಸ ಮತ್ತೆ ನೋಡಿಲ್ಲ. ಹದಿನಾರು ಸೀಳೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು.

ಬೇಸಿಗೆಯಲ್ಲಿ ಘಾಟು ಹತ್ತಿದ ಗಾಡಿ ಕುದಿಯಲಿಲ್ಲ. ಡಾಕ್ಟರರು ಕನ್ನಡದಲ್ಲಿ ಹೊಗಳಿದರು. ಆಮೇಲೆ ಮೊದಲ ಮಳೆ ಬಂತು.

ಸೀಳುಗಳ ಬಾಯಿ ಹಿಂದಕ್ಕಿತ್ತು. ಗಾಡಿ ಓಡುತ್ತಿರುವಾಗ ಮಳೆ ಒಳಗೆ ಬರುತ್ತಿರಲಿಲ್ಲ, ನಿಜ. ಆದರೆ ಡಾಕ್ಟರರ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ರೋಗಿಯ ಮನೆಯ ಮುಂದೆ ತಾಸುಗಟ್ಟಲೆ ನಿಂತ ಗಾಡಿಯ ನೆತ್ತಿಯ ಮೇಲೆ ಸುರಿದ ನೀರೆಲ್ಲ ಇಂಜಿನಿನ ಮೇಲೆ ಇಳಿಯಿತು.

“ಮಿಸ್ತ್ರೀ, ಇಂಜಿನಿಗೆ ಅಭ್ಯಂಗ ಮಾಡಸ್ಲಿಕ್ಕೆ ತೂತು ಹಾಕಿದಿ ಏನು?” ಎಂದು ಡಾಕ್ಟರರು ಕೇಳಿದರು. ಕನ್ನಡವಿತ್ತು, ಆದರೆ ಮರಾಠಿ ಬಹಳ ದೂರವಿರಲಿಲ್ಲ.

ಮಳೆ ಬಂದಾಗ ಗೋಣಿತಟ್ಟು ಹೊದಿಸಿರಿ ಎಂದ ಮಾವ. “ನಾ ಡಾಕ್ಟರು. ಬೆಲ್ಲದ ವ್ಯಾಪಾರಿ ಅಲ್ಲ,” ಎಂದರು ಅವರು.

ಆಗ ನಾನು ಬಾಯಿ ಬಿಟ್ಟೆ. ಮನೆಯ ಮಾಡಿನ ಅಂಚಿಗೆ ನೀರು ಹಿಡಿಯಲು ತಗಡಿನ ದೋಣಿ ಕಟ್ಟುತ್ತೇವಲ್ಲ, ಅಂಥದೇ ಒಂದು ತಗ್ಗು ದೋಣಿಯನ್ನು ಬಾನೆಟ್ಟಿನೊಳಗೆ ಸೀಳುಗಳಿಗಿಂತ ಎರಡು ಬೆರಳು ಕೆಳಗೆ ತೂಗಹಾಕೋಣ. ಬಿಸಿಗಾಳಿ ಪಕ್ಕದಿಂದ ಮೇಲೇರುತ್ತದೆ, ಬಿದ್ದ ನೀರು ದೋಣಿಯ ಇಳಿಜಾರಿನ ಮೂಲೆಗೆ ಬಂದು, ಅಲ್ಲಿನ ತೂತಿನಿಂದ ತಾಮ್ರದ ನಳಿಗೆಯಲ್ಲಿ ನೆಲಕ್ಕೆ ಹೋಗುತ್ತದೆ ಎಂದೆ.

“ನಿಮ್ಮ ಕಾಲೇಜಿನಾಗ ಬಾನೆಟ್ಟಿನ ಪಾಠಾನೂ ಅದ ಏನ?” ಎಂದ ಮಾವ.

“ಬಾನೆಟ್ಟಿನ ಪಾಠ ಇಲ್ಲ ಮಾಮಾ. ನೀರು ಕೆಳಗ ಹರೀತದ ಅನ್ನೂ ಪಾಠ ಅದ.”

ಡಾಕ್ಟರರು ನಕ್ಕುಬಿಟ್ಟರು. ಅವರು ನಕ್ಕದ್ದಕ್ಕೆ ಮಾವ ಒಪ್ಪಿದ. ಎರಡು ದೋಣಿ ಮಾಡಿದೆ, ಬದಿಗೊಂದು. ಮೂಲೆಯ ತೂತು ಪೆನ್ಸಿಲ್ಲಿನಷ್ಟು ದಪ್ಪ. ನೀರಿಗೆ ಅಷ್ಟು ಸಾಕು ಎಂದು ಲೆಕ್ಕ ಹಾಕಿದ್ದೆ, ಸಾಕಾಗಿತ್ತು ಕೂಡ. ಮಾವನೆದುರು ಬಾನೆಟ್ಟಿನ ಮೇಲೆ ಕೊಡದ ತುಂಬ ನೀರು ಸುರಿದೆ. ಗಾಡಿಯ ಹೊಟ್ಟೆಯ ಕೆಳಗಿನಿಂದ ಎರಡು ಸಣ್ಣ ಧಾರೆಗಳು ಹೊರಬಂದವು. ಇಂಜಿನು ಒಣಗಿಯೇ ಇತ್ತು. ಮಾವ ಬಗ್ಗಿ ನೋಡಿ, ಎದ್ದು, ಸೊಂಟ ಹಿಡಿದುಕೊಂಡು ಅಂದ: “ಇದು ನಿನ್ನ ಕೆಲಸ. ನಂದಲ್ಲ. ನೆನಪಿರಲಿ.”

ಆಷಾಢ, ಶ್ರಾವಣ, ಭಾದ್ರಪದ ಹಾಗೇ ಕಳೆದವು. ಮುಠಾ ನದಿ ಎರಡು ಸಲ ತುಂಬಿ ಇಳಿಯಿತು. ಡಾಕ್ಟರರ ಗಾಡಿಗೆ ಒಂದು ಸೀನು ಕೂಡ ಬರಲಿಲ್ಲ.

ಆಶ್ವಿನದ ನವಮಿಯಂದು ಆಯುಧಪೂಜೆ. ನಮ್ಮ ಶೆಡ್ಡಿಗೆ ಬರುವ ಗಾಡಿಗಳ ಪೂಜೆಯನ್ನು ಮಾವನೇ ಮಾಡಬೇಕು. ಯಾವ ಧಣಿಯೂ ಅದನ್ನು ಬೇರೆಯವರಿಗೆ ಬಿಡುತ್ತಿರಲಿಲ್ಲ. ವರ್ಷದಲ್ಲಿ ಅವನ ಉಗುರು ಬೆಳ್ಳಗೆ ಕಾಣುತ್ತಿದ್ದದ್ದು ಅದೊಂದೇ ದಿನ. ಮಡಿ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಗಾಡಿ ಗಾಡಿಗೂ ಅರಿಶಿನ ಕುಂಕುಮ ಇಟ್ಟು, ಅಕ್ಷತೆ ಹಾಕಿ, ಕಾಯಿ ಒಡೆದು ಅದರ ನೀರನ್ನು ಬಾನೆಟ್ಟಿನ ಮೇಲೆ ಚಿಮುಕಿಸುತ್ತಿದ್ದ. ಅವ್ವ ಬೆಳಗಿನಿಂದ ಚೆಂಡುಹೂವಿನ ಮಾಲೆ ಕಟ್ಟಿದ್ದಳು. ಡಾಕ್ಟರರ ಗಾಡಿಯ ಹತ್ತಿರ ಬಂದಾಗ ಮಾವನಿಗೆ ತನ್ನ ಹದಿನಾರು ಸೀಳುಗಳ ಮೇಲೆ ಅಕ್ಕರೆ ಉಕ್ಕಿತು. ಬಿಡಿಹೂಗಳನ್ನು ತರಿಸಿ ಒಂದೊಂದು ಸೀಳಿಗೂ ಒಂದೊಂದು ಹೂವು ಸಿಕ್ಕಿಸಿದ. ಹೂವಿಗೆಂದೇ ಜಾಗ ಮಾಡಿಟ್ಟ ಹಾಗಿತ್ತು. ಕಾಯಿಯ ನೀರನ್ನೂ ಉಳಿದ ಗಾಡಿಗಳಿಗಿಂತ ಧಾರಾಳವಾಗಿ ಸುರಿದ.

ನಾನು ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಎಲ್ಲವನ್ನೂ ಕಣ್ಣಾರೆ ಕಂಡೆ. ನೀರು, ಗಾಳಿ, ಉಪ್ಪು, ಹುಳಿ ಸೇರಿದರೆ ಕಬ್ಬಿಣ ಏನಾಗುತ್ತದೆ ಎಂದು ಉತ್ತರಪತ್ರಿಕೆಯಲ್ಲಿ ಎರಡು ಪುಟ ಬರೆದವನು ನಾನು. ಆ ದಿನ ನನ್ನ ತಲೆಯಲ್ಲಿ ಬಂದದ್ದು ಒಂದೇ: ಗಾಡಿ ಎಷ್ಟು ಚೆನ್ನಾಗಿ ಕಾಣುತ್ತಿದೆ!

ಹತ್ತು ಹನ್ನೆರಡು ದಿನ ಕಳೆದ ಮೇಲೆ ಹಿಂಗಾರು ಮಳೆ ಒಂದೇ ಸಮನೆ ಹಿಡಿಯಿತು. ಒಂದು ಬೆಳಿಗ್ಗೆ ನಾನು ಕಾಲೇಜಿಗೆ ಹೊರಟು ಶೆಡ್ಡಿನ ಮುಂದೆ ಹಾಯುತ್ತಿದ್ದಾಗ ಡಾಕ್ಟರರ ಗಾಡಿ ಬಂತು. ತಾನಾಗಿ ಬರಲಿಲ್ಲ. ಮುಂದೆ ಟಾಂಗಾದ ಕುದುರೆ, ಹಿಂದೆ ಹಗ್ಗ, ಹಗ್ಗದ ಕೊನೆಗೆ ಗಾಡಿ.

“ಮಿಸ್ತ್ರೀ! ಹೇ ಕಾಯ್ ಆಹೇ?” ಇದೇನಿದು ಎಂದರು ಡಾಕ್ಟರರು. ಮರಾಠಿ. ಮಾವ ಒಂದು ಹೆಜ್ಜೆ ಹಿಂದೆ ಸರಿದ. ಮರಾಠಿ ಬಹಳ ಹೊತ್ತು ನಡೆಯಿತು. ಮುಗಿದ ಮೇಲೆ ಕನ್ನಡದಲ್ಲಿ ಅಂದರು: “ಹೆರಿಗಿಗೆ ಕರದಿದ್ರು. ಇದು ಮಿಸುಕಲಿಲ್ಲ. ಟಾಂಗಾ ಹುಡುಕಿ ಹೋಗೂದರಾಗ ಕೂಸು ನನ್ನ ದಾರಿ ಕಾಯದ ತಾನ ಬಂದುಬಿಟ್ಟಿತ್ತು. ದೇವರು ದೊಡ್ಡವ. ಆದ್ರ ಪ್ರತಿ ಸಲ ದೇವರ ಕೈಲೆ ಹೆರಿಗಿ ಮಾಡಸ್ಲಿಕ್ಕೆ ಆಗೂದಿಲ್ಲ.”

ಬಾನೆಟ್ಟು ಎತ್ತಿದೆವು. ಎಡಗಡೆಯ ದೋಣಿ ಅಂಚಿನ ತನಕ ತುಂಬಿ ನಿಂತಿತ್ತು. ನೀರು ಕೆಂಪಗಿತ್ತು. ತುಂಬಿ ಹೊರಚೆಲ್ಲಿದ ನೀರು ಕಿಡಿ ಹಂಚುವ ಡಬ್ಬಿಯ ಮೇಲೆ ನೇರವಾಗಿ ಇಳಿದಿತ್ತು. ಇಂಜಿನು ಶುರುವಾಗದಿದ್ದದ್ದು ಅದಕ್ಕೇ. ಅದನ್ನು ಒರೆಸಿ ಒಣಗಿಸಿದರೆ ಸರಿಹೋಗುತ್ತಿತ್ತು. ಆದರೆ ಬಾನೆಟ್ಟಿನ ಒಳಮೈ? ಸೀಳುಗಳನ್ನು ಬಡಿದೆಬ್ಬಿಸಿದ ಕಡೆ ಬಣ್ಣ ಬಿರುಕು ಬಿಟ್ಟಿತ್ತು. ಅಲ್ಲಿಂದ ಹಿಡಿದು ಅಂಗೈ ಅಗಲಕ್ಕೆ ತುಕ್ಕು ಹಬ್ಬಿತ್ತು. ಸೀಳುಗಳ ತುಟಿಯಲ್ಲಿ ಇಣುಕುತ್ತಿದ್ದ ಕೆಂಪನ್ನು ಪೂಜೆಯಾದಾಗಿನಿಂದ ಎಲ್ಲರೂ ಕುಂಕುಮದ ಕೆಂಪೆಂದೇ ತಿಳಿದು ಒರೆಸದೆ ಬಿಟ್ಟಿದ್ದರು.

ಮಾವ ಉಗುರಿನಿಂದ ಕೆರೆದ. ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. “ಜಂಗು,” ಎಂದ. ಆಮೇಲೆ ಡಾಕ್ಟರರ ಕಡೆ ತಿರುಗಿ, ನನ್ನತ್ತ ಬೆರಳು ಮಾಡಿ: “ಸೀಳು ನಂದ್ರಿ. ನೀರು ಹೊರಗ ಹಾಕೂ ಕೆಲಸ ಇವಂದು.”

ಡಾಕ್ಟರರು ಟಾಂಗಾದಲ್ಲಿ ಹೋದರು. ಮಾವ ನನ್ನ ಕಂಕುಳಲ್ಲಿದ್ದ ಪುಸ್ತಕಗಳನ್ನು ತೆಗೆದುಕೊಂಡ. ಕಿತ್ತುಕೊಳ್ಳಲಿಲ್ಲ, ಟೋಪಿ ತೆಗೆದುಕೊಂಡ ಹಾಗೆ ಮೆಲ್ಲಗೆ ತೆಗೆದುಕೊಂಡು, ನಿಚ್ಚಣಿಕೆ ಹತ್ತಿ ಶೆಡ್ಡಿನ ಅಟ್ಟದಲ್ಲಿ ಹಳೆಯ ಟಯರುಗಳ ಮೇಲೆ ಇಟ್ಟ.

“ಈ ಬಾನೆಟ್ಟು ಮುಗಿಯೂತನಕ ಹೊರಗ ಕಾಲಿಡಬ್ಯಾಡ. ಆಮ್ಯಾಲಿಂದೂ ನಿನಗ ಗೊತ್ತದ. ಮಾತು ಮಾತೇ.”

ಇಲ್ಲಿ ಒಂದು ಸಂಗತಿ ಹೇಳಬೇಕು. ಆ ಟರ್ಮಿನಲ್ಲಿ, ಅಂದರೆ ಕಾಲೇಜಿನ ಆ ಅರ್ಧವರ್ಷದಲ್ಲಿ, ನನಗೆ ಮೊದಲೇ ಜ್ವರ ಬಂದು ಬಹಳ ದಿನ ಹಾಜರಿ ತಪ್ಪಿತ್ತು. ಪ್ರಯೋಗಶಾಲೆಯ ಪ್ರೊಫೆಸರು ಕರೆದು, ಇನ್ನು ನಾಲ್ಕು ದಿನ ತಪ್ಪಿಸಿದರೆ ತಡೆದುಕೊಳ್ಳುತ್ತೇನೆ, ಐದನೆಯ ದಿನವೂ ತಪ್ಪಿದರೆ ಟರ್ಮಿಗೆ ಸಹಿ ಹಾಕುವುದಿಲ್ಲ ಎಂದಿದ್ದರು. ಟರ್ಮು ಹೋದರೆ ವರ್ಷ ಹೋಯಿತು. ಇನ್ನೊಂದು ವರ್ಷವನ್ನು ಮಾವನಿಂದ ಕೇಳುವ ಬಾಯಿ ನನಗಾಗಲಿ ಅವ್ವನಿಗಾಗಲಿ ಇರಲಿಲ್ಲ. ಇದನ್ನು ಮಾವನಿಗೆ ಹೇಳಿದೆ. “ಹಂಗಾದ್ರ ಲಗೂ ಕೆರಿ,” ಎಂದ.

ಮೊದಲ ದಿನ ಒಳಮೂಲೆಯಲ್ಲಿ ಕೂತು ದೋಣಿ ಕಳಚಿದೆ. ತೂತಿಗೆ ತಂತಿ ಹಾಕಿದೆ, ಹೋಗಲಿಲ್ಲ. ಚುಚ್ಚಿ ಎಳೆದಾಗ ಕಪ್ಪು-ಕೇಸರಿ ಮುದ್ದೆಯೊಂದು ಹೊರಬಂತು. ಬಿಡಿಸಿ ನೋಡಿದೆ. ಚೆಂಡುಹೂವಿನ ಎಸಳುಗಳು. ನಡುವೆ ಊದಿದ ಅಕ್ಷತೆ ಕಾಳು, ಕಾಯಿಯ ನಾರು.

ಮುದ್ದೆಯನ್ನು ಅಂಗೈಯಲ್ಲಿಟ್ಟುಕೊಂಡು ಕೂತೆ. ಕೆಲಸ ಕೆಟ್ಟದ್ದು ನನ್ನ ಕೈಯಿಂದಲ್ಲ. ಎದ್ದು ಹತ್ತು ಹೆಜ್ಜೆ ನಡೆದು ಮಾವನಿಗೆ ತೋರಿಸಿದರೆ ಸಾಕು. ಏಳಲಾಗಲಿಲ್ಲ. ಮಾವ ದೇವರಿಗೆಂದು ಮಾಡಿದ್ದನ್ನು ಗಾಡಿ ಕೆಡಿಸಿದ ಕಾರಣವೆಂದು ಹೇಗೆ ಹೇಳುವುದು? ನಿನ್ನ ಪೂಜೆಯೇ ನಿನ್ನ ತಗಡನ್ನು ತಿಂದಿತು ಎಂದು, ಅವನ ಅನ್ನ ಉಣ್ಣುವವನು ಹೇಳುವುದು? ಹೇಳಿದರೆ ಅಟ್ಟದಿಂದ ಪುಸ್ತಕ ಇಳಿಯಬಹುದು; ಅವ್ವ ಆ ಮನೆಯಲ್ಲಿ ತಲೆಯೆತ್ತಿ ಇರುವುದು ಹೇಗೆ? ಮುದ್ದೆಯನ್ನು ಹಳೆಯ ಪತ್ರಿಕೆಯ ಚೂರಿನ ಮೇಲಿಟ್ಟು ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ.

ಮಧ್ಯಾಹ್ನ ಅವ್ವ ರೊಟ್ಟಿ ತಂದಳು. ಕಿಟಕಿಯ ಕಡೆ ನೋಡಿದಳು, ಬಗ್ಗಿ ನೋಡಿದಳು, ಮೂಸಿದಳು.

“ಇದು ನಾ ತಂದ ಹೂವಲ್ಲೇನೋ?”

“ಹೂಂ.”

“ಎಲ್ಲಿತ್ತು?”

“ತೂತಿನಾಗ.”

ಅವಳಿಗೆ ಯಂತ್ರದ ಗಂಧವಿಲ್ಲ. ಆದರೆ ಬಚ್ಚಲಿನ ಮೋರಿ ಏನು ಸಿಕ್ಕಿಕೊಂಡರೆ ಕಟ್ಟುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಒಂದು ಕ್ಷಣದಲ್ಲೇ ಎಲ್ಲ ತಿಳಿದಳು. ಶೆಡ್ಡಿನ ಬಾಗಿಲಲ್ಲಿ ಅಣ್ಣನ ಬೆನ್ನು ಕಾಣುತ್ತಿತ್ತು. ದನಿ ತಗ್ಗಿಸಿದಳು. “ಅಂವಗ ಹೇಳಿದ್ಯಾ?”

“ಇಲ್ಲ. ಹೇಳ್ಲೋ ಬ್ಯಾಡೋ?”

ಅವ್ವ ರೊಟ್ಟಿಯ ಬುಟ್ಟಿಗೆ ಅರಿವೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. “ಹೇಳಂತೂ ಅನ್ನಲಾರೆ, ಬ್ಯಾಡಂತೂ ಅನ್ನಲಾರೆ. ನನ್ನ ಕೇಳಬ್ಯಾಡಪ್ಪಾ,” ಎಂದು ಹೊರಟುಹೋದಳು. ನನಗಿಂತ ಇಕ್ಕಟ್ಟಾದ ಮೂಲೆಯಲ್ಲಿ ಅವಳಿದ್ದಾಳೆ ಎಂದು ಆಗ ನನಗೆ ಮೊದಲ ಸಲ ತಿಳಿಯಿತು.

ಎರಡನೆಯ ದಿನ ಕೆರೆಯುವುದು ಮುಗಿಯಿತು. ಎಮರಿ ಕಾಗದ, ಸೀಮೆಎಣ್ಣೆ, ತಂತಿಯ ಬ್ರಶ್ಶು. ಎಡಗೈ ಬಾನೆಟ್ಟಿನ ಒಳಗೆ, ತಲೆಯೂ ಒಳಗೆ. ಮೇಲೆ ಶೆಡ್ಡಿನ ತಗಡಿನ ಮೇಲೆ ಮಳೆ, ಕೆಳಗೆ ನನ್ನ ತಲೆಯ ಸುತ್ತ ಇನ್ನೊಂದು ತಗಡು. ರೈಲಿನ ಸಿಳ್ಳು ಅದರೊಳಗೆ ಕೇಳಿದಾಗ ಯಾರೋ ಕಿವಿಯಲ್ಲಿ ಊದಿದ ಹಾಗಾಯಿತು. ಪ್ರಯೋಗಶಾಲೆಯ ಮೇಜಿನ ಮೇಲೆ ನನ್ನ ಪರೀಕ್ಷಾನಾಳಗಳು ಖಾಲಿ ನಿಂತಿರುವುದು ಕಣ್ಣಿಗೆ ಕಟ್ಟಿತು.

ಆಮೇಲೆ ಸಿಂಧೂರ. ತುಕ್ಕು ಮತ್ತೆ ಬಾರದಿರಲು ತಗಡಿಗೆ ಬಳಿಯುವ ಕೆಂಪು ಸೀಸದ ಪುಡಿಯೂ ಹನುಮಪ್ಪನ ಮೂರ್ತಿಗೆ ಬಳಿಯುವ ಸಿಂಧೂರವೂ ಒಂದೇ. ಅಗಸೆ ಎಣ್ಣೆಯಲ್ಲಿ ಕಲಸಿ ಹಚ್ಚಬೇಕು. ಬೇಸಿಗೆಯಲ್ಲಾದರೆ ಒಂದು ದಿನಕ್ಕೆ ಒಣಗುತ್ತದೆ. ಆ ಮಳೆಯಲ್ಲಿ ಒಣಗಲಿಲ್ಲ. ಎರಡು ಕೈ, ಅಂದರೆ ಎರಡು ಸಲ, ಹಚ್ಚದೆ ಕರಿ ಬಣ್ಣ ಹಾಕುವ ಹಾಗಿಲ್ಲ. ಮೊದಲನೆಯ ಕೈ ಒಣಗದೆ ಎರಡನೆಯದಿಲ್ಲ. ಮೂರನೆಯ ದಿನ ಮುಂಜಾನೆ ಹೆಬ್ಬೆರಳು ಒತ್ತಿ ನೋಡಿದೆ. ಅಂಟು. ತಾಸು ಬಿಟ್ಟು ಒತ್ತಿದೆ. ಅಂಟು. ಮಾವ ದೂರದಿಂದ, “ಎಷ್ಟ ಸಲ ಕೈ ಮುಗೀತಿ? ಅದೇನು ಹನುಮಪ್ಪ ಅಲ್ಲ, ವರ ಕೊಡ್ಲಿಕ್ಕೆ,” ಎಂದ. ನಾನು ನಗಲಿಲ್ಲ.

ಅದೇ ಮಧ್ಯಾಹ್ನ ಡಾಕ್ಟರರು ಟಾಂಗಾದಲ್ಲಿ ಬಂದರು. ನೇರ ನನ್ನ ಮೂಲೆಗೆ ಬಂದರು; ಮಾವ ಹಿಂದೆಯೇ ಬಂದ.

“ಏನಪಾ ಬಿ.ಎಸ್ಸಿ. ಸಾಹೇಬ್ರ, ರೋಗ ಏನಂತ ಗೊತ್ತಾತೇನು?”

“ಗೊತ್ತಾತ್ರಿ.”

“ಮೂರು ತಿಂಗಳು ಕಟ್ಟಲಾರದ್ದು ಈಗ್ಯಾಕ ಕಟ್ತು?”

ಉತ್ತರ ಅವರ ಮೊಳಕೈಯಿಂದ ಒಂದು ಗೇಣು ದೂರದಲ್ಲಿ, ಪತ್ರಿಕೆಯ ಚೂರಿನ ಮೇಲಿತ್ತು. ಮಾವ ನನ್ನನ್ನೇ ನೋಡುತ್ತಿದ್ದ. ನಾನು ದೊಡ್ಡ ಮನಸ್ಸು ಮಾಡಿದೆ ಎಂದು ಯಾರೂ ತಿಳಿಯಬಾರದು. ಅವ್ವ ಬುಟ್ಟಿಗೆ ಅರಿವೆ ಸುತ್ತಿದ ರೀತಿ ಕಣ್ಣ ಮುಂದೆ ಬಂತು, ಅಷ್ಟೇ.

“ತೂತು ಸಣ್ಣದಾತ್ರಿ,” ಎಂದೆ. “ಪೆನ್ಸಿಲ್ಲಿನಷ್ಟು ಕೊರದಿದ್ದೆ. ಕಸ ಸಿಕ್ಕೊಂಡ್ತು. ಹೆಬ್ಬಟ್ಟಿನಷ್ಟು ಕೊರೀಬೇಕಾಗಿತ್ತು. ತಪ್ಪು ನಂದು.”

“ಅಂದ್ರ ಲೆಕ್ಕ ತಪ್ತು.”

“ನೀರಿಂದು ತಪ್ಪಿಲ್ರಿ. ಕಸದ್ದು ಹಿಡೀಲಿಲ್ಲ.”

ಡಾಕ್ಟರರು ಹೂಂ ಎಂದರು. ಹೊಲಿಗೆ ಹಾಕುವ ಮೊದಲು ಗಾಯ ನೋಡುವವರ ಹಾಗೆ ಸೀಳುಗಳನ್ನು ಒಂದೊಂದಾಗಿ ನೋಡಿ ಹೋದರು. ಮಾವ ಹೋಗಲಿಲ್ಲ. “ಏನು ಕಸ?” ಎಂದ.

“ಎಂಥದೋ ಕಸ ಮಾಮಾ.”

ಅವನ ಕಣ್ಣು ಕಿಟಕಿಯ ಕಡೆ ಹೋಯಿತೋ ಇಲ್ಲವೋ ನಾನು ನೋಡಲಿಲ್ಲ. ತಲೆ ಮತ್ತೆ ಬಾನೆಟ್ಟಿನೊಳಗೆ ಹಾಕಿದೆ. ಅಲ್ಲಿ ಯಾರಿಗೂ ಮುಖ ಕಾಣುವುದಿಲ್ಲ ಎನ್ನುವುದೊಂದೇ ಅನುಕೂಲ. ಕೆಲಸ ನನ್ನ ಕೈಯಿಂದಲೇ ಕೆಟ್ಟಿತೆಂದು ನನ್ನ ಬಾಯಿಂದಲೇ ಹೇಳಿಯಾಗಿತ್ತು. ಇನ್ನು ಅಟ್ಟದ ಮೇಲಿನ ಪುಸ್ತಕಗಳಿಗೆ ಆ ಟಯರುಗಳೇ ಗತಿ.

ನಾಲ್ಕನೆಯ ದಿನ ಎರಡನೆಯ ಕೈ ಸಿಂಧೂರ ಹಚ್ಚಿದೆ. ಕೈ ತೊಳೆದು ಬಂದಾಗ ಕಿಟಕಿಯ ಕಟ್ಟೆ ಖಾಲಿಯಿತ್ತು. ಪತ್ರಿಕೆಯ ಚೂರೂ ಇರಲಿಲ್ಲ. ಶೆಡ್ಡು ಗುಡಿಸಿದ ಕಸದ ರಾಶಿಯನ್ನು ಕೆದಕಿ ನೋಡಿದೆ, ಅಲ್ಲೂ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಹೋದೆ. ಸಾಲುಮನೆಗಳ ನಮ್ಮ ಚಾಳಿನ ಪಡಸಾಲೆಯಲ್ಲಿ ಎಣ್ಣೆಯ ಡಬ್ಬಿಯೊಂದರಲ್ಲಿ ತುಳಸಿ ಇತ್ತು. ಅವ್ವ ಅದರ ಮುಂದೆ ಕೂತು ನನ್ನನ್ನು ಕಣ್ಣಿನಲ್ಲೇ ಕರೆದಳು. ತುಳಸಿಯ ಬುಡದಲ್ಲಿ, ಹಸಿ ಮಣ್ಣಿನ ಮೇಲೆ, ಕಪ್ಪು-ಕೇಸರಿ ಎಸಳುಗಳು. ಅಕ್ಕಿಕಾಳುಗಳೂ ಇದ್ದವು.

“ಯಾರು ಹಾಕಿದ್ರು?” ಎಂದೆ.

“ನಾ ಅಲ್ಲ,” ಎಂದಳು ಅವ್ವ.

ನಮ್ಮಲ್ಲಿ ದೇವರ ಮೇಲಿನಿಂದ ತೆಗೆದ ಹೂವನ್ನು ತಿಪ್ಪೆಗೆ ಹಾಕುವುದಿಲ್ಲ. ಕಾಲಿಗೆ ಸಿಗದ ಹಾಗೆ ಹೊಳೆಗೋ ತುಳಸಿಯ ಬುಡಕ್ಕೋ ಹಾಕುತ್ತೇವೆ. ಕಸವೆಂದುಕೊಂಡಿದ್ದರೆ ಮಾವ ಪೊರಕೆಯಿಂದ ತಳ್ಳುತ್ತಿದ್ದ. ಅದು ತಾನೇ ಏರಿಸಿದ ಹೂವೆಂದು ತಿಳಿದದ್ದರಿಂದಲೇ ಶೆಡ್ಡಿನಿಂದ ಚಾಳಿನ ತನಕ ಮಳೆಯಲ್ಲಿ ಅದನ್ನು ಹಿಡಿದುಕೊಂಡು ಬಂದಿದ್ದ. ಒಳಗೆ ಅವನು ಊಟಕ್ಕೆ ಕೂತಿದ್ದ. ನಾನೂ ಹೋಗಿ ಕೂತೆ. ಅವ್ವ ಇಬ್ಬರ ತಟ್ಟೆಗೂ ಕೇಳದೆಯೇ ಎರಡೆರಡು ಸಲ ಪಲ್ಯ ಬಡಿಸಿದಳು. ಅವನು ತಿಳಿದಿದ್ದ, ಸರಿ. ಆದರೆ ಮಾತು ಮಾತೇ ಎಂದವನು ಅವನು. ಅವನ ಮಾತಿನೊಳಗೆ ನಾನೆಷ್ಟು ಸಿಕ್ಕಿದ್ದೆನೋ ಅಷ್ಟೇ ಅವನೂ ಸಿಕ್ಕಿದ್ದ.

ಐದನೆಯ ಮುಂಜಾನೆ ಶೆಡ್ಡಿಗೆ ಹೋದಾಗ ಮಾವ ನನಗಿಂತ ಮೊದಲೇ ಬಂದಿದ್ದ. ನನ್ನ ಮೂಲೆಯಲ್ಲಿ ಕೂತು ಎರಡೂ ದೋಣಿಗಳ ತೂತನ್ನು ಕಾನಸೆಂಬ ಅರದಿಂದ ಉಜ್ಜಿ ಅಗಲ ಮಾಡುತ್ತಿದ್ದ. ಬಾನೆಟ್ಟಿನ ಸಿಂಧೂರ ಇನ್ನೂ ಹಸಿ ಇತ್ತು. ಪಕ್ಕದಲ್ಲಿ ನನ್ನ ಪುಸ್ತಕಗಳಿದ್ದವು. ಅಟ್ಟದ ಧೂಳನ್ನು ಹತ್ತಿ ಚಿಂದಿಯಿಂದ ಒರೆಸಿದ್ದ. ಮೇಲಿನ ಪುಸ್ತಕದ ರಟ್ಟಿಗೆ ಗ್ರೀಸು ಹತ್ತಿತ್ತು.

“ಗಂಟಿ ಎಷ್ಟಕ್ಕ ಹೊಡೀತದ ನಿಂದು?” ಎಂದ, ತಲೆ ಎತ್ತದೆ.

ಹೇಳಿದೆ.

“ಮತ್ತ ಇಲ್ಯಾಕ ನಿಂತಿ? ಎಣ್ಣಿ ತನ್ನ ಹೊತ್ತಿಗೆ ತಾನ ಒಣಗ್ತದ. ಅದರ ಮಾರಿ ನೋಡಿಕೋತ ಇಬ್ಬರು ಕೂಡಬೇಕೇನು?”

ಕರಾರು ಮುರಿಯಿತೆಂದು ಅವನು ಹೇಳಲಿಲ್ಲ, ತಪ್ಪು ನನ್ನದೆಂದೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಗೋಣಿತಟ್ಟು ಎತ್ತಿ ಹೊರಗೆ ಬಂದಾಗ ಮಳೆಯಿತ್ತು. ಪುಸ್ತಕ ಅಂಗಿಯೊಳಗೆ ಹಾಕಿಕೊಂಡು ಓಡಿದೆ. ನಾಲ್ಕು ದಿನ ಕತ್ತಲೆಯಲ್ಲಿದ್ದ ಕಣ್ಣಿಗೆ ಮೋಡದ ಬೆಳಕೂ ಚುಚ್ಚುತ್ತಿತ್ತು. ಸೇತುವೆ ದಾಟಿ ಕಾಲೇಜಿನ ಗೇಟಿಗೆ ಬಂದಾಗ ಗಂಟೆ ಹೊಡೆಯುತ್ತಿತ್ತು. ಮಧ್ಯಾಹ್ನ ಪ್ರೊಫೆಸರು ಹಾಜರಿ ಕರೆದಾಗ ನನ್ನ ದನಿ ಎಷ್ಟು ದೊಡ್ಡದಾಗಿ ಬಂತೆಂದರೆ ಪಕ್ಕದ ಮೇಜಿನವನು ಕೈಯಲ್ಲಿದ್ದ ನಾಳ ಬೀಳಿಸಿದ.

ಟರ್ಮು ಸಿಕ್ಕಿತು. ಬೇಸಿಗೆಯ ಮೊದಲು ಪರೀಕ್ಷೆ ಆಯಿತು. ಎರಡನೆಯ ದರ್ಜೆಯಲ್ಲಿ ಪಾಸಾದೆ. ಡಾಕ್ಟರರ ಗಾಡಿ ಆ ಹಿಂಗಾರನ್ನೂ ಮುಂದಿನ ಮುಂಗಾರನ್ನೂ ಕಳೆಯಿತು. ಇಷ್ಟಾದರೂ ಮಾವ “ಆಗೂ ಮಾತಲ್ಲ” ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪತ್ರಿಕೆಯಲ್ಲಿ ಬಂದ ನಂಬರು ತೋರಿಸಿದಾಗ, “ನಂಬರೇನು, ಗಾಡಿಗೂ ಇರ್ತದ. ಕಾಗದ ಬರಲಿ,” ಎಂದ.

ಕಾಗದ ತರಲು ಮಳೆಗಾಲದಲ್ಲಿ ಮುಂಬಯಿಗೆ ಹೋದೆ. ಬಾಡಿಗೆಯ ಕರಿ ನಿಲುವಂಗಿ ಹಾಕಿಕೊಂಡು, ಮೊಳಕೈಯ ಹತ್ತಿರ ಹರಿದಿದ್ದ ಜಾಗ ಕಾಣದ ಹಾಗೆ ಕೈ ಮಡಚಿ, ಸಾಲಿನಲ್ಲಿ ನಿಂತು ಪದವಿಪತ್ರ ತೆಗೆದುಕೊಂಡೆ. ಮರುದಿನ ರೈಲು ಘಾಟು ಹತ್ತುವಾಗ ಕಿಟಕಿಯಿಂದ ಮಳೆ ಒಳಗೆ ಬರುತ್ತಿತ್ತು. ಪತ್ರವನ್ನು ಎದೆಗೆ ಒತ್ತಿಕೊಂಡು ಪುಣೆಯ ತನಕ ಕೂತೆ.

ಸ್ಟೇಶನ್ನಿನಿಂದ ನೇರವಾಗಿ ಶೆಡ್ಡಿಗೆ ಹೋದೆ. ಅವ್ವನೂ ಅಲ್ಲೇ ಬಂದು ಕಾದಿದ್ದಳು. ಮಾವ ಒಂದು ಗಾಡಿಯ ಕೆಳಗಿನಿಂದ ತೆವಳಿ ಹೊರಬಂದ. ಪತ್ರ ಚಾಚಿದೆ. ಅವನು ಮೊದಲು ಸೀಮೆಎಣ್ಣೆಯಲ್ಲಿ ಕೈ ತೊಳೆದ, ಆಮೇಲೆ ಸಾಬೂನಿನಲ್ಲಿ, ಆಮೇಲೆ ಅವ್ವನ ಸೆರಗಿನಲ್ಲಿ ಒರೆಸಿಕೊಂಡ. ಎರಡು ಅಂಗೈಗಳ ಅಂಚಿನಿಂದ, ಕಾದ ತಗಡು ಹಿಡಿಯುವ ಹಾಗೆ ಹಿಡಿದ. ಅವನಿಗೆ ಇಂಗ್ಲಿಷ್ ಬಾರದು. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅಲ್ಲಿ ಬೆರಳಿಡದೆ ಬರೀ ತೋರಿಸಿ, ಇದೇ ಅಲ್ಲವೇ ಎಂದು ಎರಡು ಸಲ ಕೇಳಿದ. ಹೊರಗೆ ಮಳೆ ಹೊಯ್ಯುತ್ತಿತ್ತು. ಕಾಗದ ಹೆಚ್ಚು ಹೊತ್ತು ಹೊರಗಿಡುವ ಹಾಗಿರಲಿಲ್ಲ. ಇದನ್ನು ಇಡಲು ತಗಡಿನ ಒಂದು ನಳಿಗೆ ಮಾಡಿಕೊಳ್ಳುತ್ತೇನೆ ಮಾಮಾ ಎಂದೆ.

ಮಾವ ನನ್ನ ಮುಖ ನೋಡಿದ. ಈ ಸಲ ಕೈಗಳನ್ನಲ್ಲ.

“ನೀ ಬ್ಯಾಡ. ನಾ ಮಾಡಿ ಕೊಡ್ತೀನ್ ತಗೋ,” ಎಂದ. “ನೀ ತೂತು ಸಣ್ಣದು ಕೊರೀತಿ.”